ಬುಡದವರೆಗೆ ತೆರೆದು ನೋಡಬಹುದಾದ ಕಂಪ್ಯೂಟರ್

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರೆಹ ರೂಪ)



ಹಳೆ ವಿದ್ಯಾರ್ಥಿ ಸಂಘದವರು ಫೋನ್ ಮಾಡಿ, "ನೀವು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡಿ ಬಂದವರು, ಮಕ್ಕಳಿಗೆ ನಾಲ್ಕು ಮಾತು ಹೇಳಬೇಕು" ಅಂದರು. ಹೇಗೆ ಮುಂದೆ ಬಂದೆ, ಎಷ್ಟು ಕಷ್ಟಪಟ್ಟೆ, ಅದನ್ನೆಲ್ಲ ಹೇಳಲಿಕ್ಕೆ ನನ್ನಿಂದಾಗದು. ಅಷ್ಟು ದೊಡ್ಡದಾಗಿ ಮುಂದೆ ಬಂದವನೂ ನಾನಲ್ಲ. ಆದರೆ ಶಾಲೆಯ ಹಿಂದಿನ ಕೋಣೆಯಲ್ಲಿ ಎರಡು ವರ್ಷದಿಂದ ಶನಿವಾರ ಮಧ್ಯಾಹ್ನ ಏನು ನಡೆಯುತ್ತಾ ಉಂಟು ಎಂದು ಊರಿನಲ್ಲಿ ತುಂಬಾ ಜನ ಕೇಳಿದ್ದಾರೆ. "ಗುಜರಿಗೆ ಹಾಕಬೇಕಾದ ಕಂಪ್ಯೂಟರಿನಲ್ಲಿ ಮಕ್ಕಳನ್ನು ಕೂರಿಸಿ ಏನು ಮಾಡ್ತೀರಿ ಮಾರಾಯ್ರೇ?" ಎಂದು ಪೇಟೆಯಲ್ಲಿ ಒಬ್ಬರು ನೇರವಾಗಿಯೇ ಕೇಳಿದರು. ಅದಕ್ಕೆ ಉತ್ತರ ಹೇಳುತ್ತೇನೆ. ಸ್ವಲ್ಪ ಉದ್ದವಾದೀತು, ಊಟಕ್ಕೆ ಇನ್ನೂ ಸಮಯ ಉಂಟು.

ನಾನು ಎಸ್ಸೆಸ್ಸೆಲ್ಸಿ ಬರೆದದ್ದು 1991ರಲ್ಲಿ. ಆಗ ಇದು ಕಡಬ ತಾಲೂಕು ಅಲ್ಲ, ಪುತ್ತೂರು ತಾಲೂಕು. ಹೊಸ್ಮಠದ ಮುಳುಗು ಸೇತುವೆಗೆ ನೀರು ಬಂದರೆ ಬಸ್ಸು ಇಲ್ಲ, ಬಸ್ಸು ಇಲ್ಲದಿದ್ದರೆ ಅರ್ಧ ಮಾಸ್ಟ್ರುಗಳು ಇಲ್ಲ. ಆದರೆ ನಮ್ಮ ಗಣಿತದ ಮಾಸ್ಟ್ರು ಹತ್ತಿರವೇ ಬಿಡಾರ ಮಾಡಿದ್ದರು, ಹಾಗಾಗಿ ಎಂಥ ಮಳೆಗೂ ಗಣಿತದ ಪಿರಿಯೆಡ್ ತಪ್ಪುತ್ತಿರಲಿಲ್ಲ. ಆವರಣ ಚಿಹ್ನೆಯ ಲೆಕ್ಕ ಮಾಡಿಸುವಾಗ ಅವರು ಬೋರ್ಡಿನ ಇಡೀ ಅಗಲಕ್ಕೆ ಒಂದರೊಳಗೆ ಒಂದು ಆವರಣ ಹಾಕಿ, "ಒಳಗಿನದ್ದು ಮೊದಲು. ತೆರೆದದ್ದೆಷ್ಟು, ಮುಚ್ಚಿದ್ದೆಷ್ಟು, ಎಣಿಸಿ" ಅನ್ನುತ್ತಿದ್ದರು. ಎಣಿಸದವರಿಗೆ ಏನು ಸಿಗುತ್ತಿತ್ತು ಎಂಬುದು ನನ್ನ ತರಗತಿಯವರಿಗೆ ಗೊತ್ತುಂಟು. ಈ ಎಣಿಕೆ ನನಗೆ ಮುಂದೆ ಅನ್ನ ಹಾಕುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಸಿವಿಲ್ ಡಿಪ್ಲೊಮಾ ಮುಗಿಸಿ 1994ರಲ್ಲಿ ಪುತ್ತೂರಿನಲ್ಲಿ ಮನೆ ಪ್ಲಾನ್ ಮಾಡುವ ಒಂದು ಆಫೀಸಿಗೆ ಸೇರಿದೆ. ಅಲ್ಲಿ ಒಂದೇ ಒಂದು ಕಂಪ್ಯೂಟರ್, ಅದರಲ್ಲಿ ಆಟೊಕ್ಯಾಡ್. ನಮ್ಮಲ್ಲಿ ಪ್ಲಾನ್ ಬರೆಯುವವರು ಈಗಲೂ "ಒಂದು ಲಿಸ್ಪ್ ಹಾಕು" ಎನ್ನುತ್ತಾರೆ. ಕಿಟಕಿ, ಬಾಗಿಲು, ಮೆಟ್ಟಿಲು ಇಂಥವನ್ನು ಪ್ರತಿ ಸಲ ಕೈಯಲ್ಲಿ ಗೆರೆ ಎಳೆಯುವ ಬದಲು ತಾನಾಗಿ ಬರೆಯುವ ಒಂದು ಚಿಕ್ಕ ಫೈಲು ಅದು. 1986ರಿಂದಲೇ ಆಟೊಕ್ಯಾಡ್ ಒಳಗೆ ಲಿಸ್ಪ್ ಎಂಬ ಭಾಷೆಯ ಒಂದು ರೂಪ ಉಂಟು. ಪುತ್ತೂರು, ಸುಳ್ಯದ ಎಷ್ಟೋ ತಾರಸಿ ಮನೆಗಳ ಮೆಟ್ಟಿಲನ್ನು ಲೆಕ್ಕ ಹಾಕಿದ್ದು ಈ ಭಾಷೆ. ಮನೆಯವರಿಗೆ ಬಿಡಿ, ಪ್ಲಾನ್ ಮಾಡಿದವರಿಗೂ ಅದು ಎಲ್ಲಿಯ ಭಾಷೆ ಎಂದು ಗೊತ್ತಿರಲಿಲ್ಲ.

ನಮಗೆ ಒಂದು ಮೆಟ್ಟಿಲಿನ ಲಿಸ್ಪ್ ಫ್ಲಾಪಿಯಲ್ಲಿ ಮಂಗಳೂರಿನಿಂದ ಬಂದಿತ್ತು. ನಾನು ಅದನ್ನು ನೋಟ್‌ಪ್ಯಾಡಿನಂಥ ಒಂದರಲ್ಲಿ ತೆರೆದು ನೋಡಿದೆ. ಇಡೀ ಆವರಣ ಚಿಹ್ನೆ! ನಮ್ಮ ಮಾಸ್ಟ್ರ ಬೋರ್ಡೇ ಎದುರು ಬಂದ ಹಾಗಾಯಿತು. ಓದಲಿಕ್ಕೆ ಆಗುತ್ತದೆ ಎಂದು ಗೊತ್ತಾದ ಮೇಲೆ ಕೈ ಸುಮ್ಮನಿರಬೇಕಲ್ಲ. ನಮ್ಮ ಕಡೆಯ ಅಳತೆಗೆ ಸರಿಯಾಗಲಿ ಎಂದು ಅಲ್ಲಲ್ಲಿ ಬದಲಾಯಿಸಿದೆ. ಒಂದು ತಿಂಗಳಲ್ಲಿ ಮೇಸ್ತ್ರಿಯೊಬ್ಬರು ಪ್ಲಾನ್ ಹಿಡಿದುಕೊಂಡು ಆಫೀಸಿಗೇ ಬಂದರು. ಮೆಟ್ಟಿಲು ಒಂಬತ್ತು ಇಂಚು ಮುಂದೆ ಬಂದು ಅಡುಗೆ ಕೋಣೆಯ ಬಾಗಿಲಿಗೆ ಅಡ್ಡ ಕೂರುತ್ತದೆ. "ದಾದ ಮಾರಾಯಾ ಉಂದು?" ಎಂದರು. ಅವರು ಕಟ್ಟುವ ಮೊದಲು ದಾರ ಹಿಡಿದು ನೋಡಿದ್ದರಿಂದ ನಾನು ಬದುಕಿದೆ.

ಲೆಕ್ಕ ಹೀಗೆ. ಹತ್ತು ಅಡಿ ಎತ್ತರ, ಅಂದರೆ 120 ಇಂಚು. ಒಂದು ಮೆಟ್ಟಿಲಿಗೆ ಆರು ಇಂಚು ಎತ್ತರ, ಹಾಗಾಗಿ 20 ಏರು. ಕಾಲಿಡುವ ಹಲಗೆ ಒಂದು ಕಡಿಮೆ, 19. ಕೊನೆಯದ್ದು ಮೇಲಿನ ನೆಲವೇ ಆಯಿತಲ್ಲ. ಹತ್ತಿಂಚಿನ ಹಲಗೆ ಆದರೆ 190 ಇಂಚು. ಇದನ್ನು ಲಿಸ್ಪ್‌ನಲ್ಲಿ, ಕನ್ನಡದ ಪದ ಹಾಕಿ ಹೇಳುವುದಾದರೆ, ಹೀಗೆ ಬರೆಯಬೇಕು:

(ಗುಣಿಸು (ಕಳೆ 20 1) 10)

ನಾನು ಬರೆದದ್ದು ಹೀಗೆ:

(ಕಳೆ (ಗುಣಿಸು 20 10) 1)

ಮೊದಲನೆಯದ್ದು 190, ಎರಡನೆಯದ್ದು 199. ಒಳಗಿನದ್ದು ಮೊದಲು ಎಂಬುದನ್ನು ಎಂಟನೇ ಕ್ಲಾಸಿನಲ್ಲಿ ಕಲಿತವನು ಮಾಡಿದ ತಪ್ಪು. ಯಜಮಾನರು ಬೈದರು, ಬೈಯಬೇಕಾದದ್ದೇ. ಆದರೆ ಬೈಯ್ಯುತ್ತಾ ಇರುವಾಗಲೇ ನಾನು ಆ ಸಾಲನ್ನು ತಿದ್ದಿ, ಆಟೊಕ್ಯಾಡನ್ನು ಮುಚ್ಚದೆ, ಅದೇ ಪ್ಲಾನಿನಲ್ಲಿ ಮೆಟ್ಟಿಲನ್ನು ಮತ್ತೆ ಬರೆಸಿ ಮೇಸ್ತ್ರಿಯವರ ಕೈಗೆ ಕೊಟ್ಟೆ. ಹಾಳು ಮಾಡಲಿಕ್ಕೂ ಸರಿ ಮಾಡಲಿಕ್ಕೂ ನನ್ನಿಂದ ಆದದ್ದು ಅದು ತೆರೆದಿದ್ದ ಕಾರಣದಿಂದ. ಆಟೊಕ್ಯಾಡ್ ಮಾತ್ರ ಬೀಗ ಹಾಕಿದ ಪೆಟ್ಟಿಗೆ. ಅದು ಕೈಕೊಟ್ಟರೆ ಆಫ್ ಮಾಡಿ ಆನ್ ಮಾಡುವುದು ಬಿಟ್ಟು ಬೇರೆ ದಾರಿ ಇಲ್ಲ.

ಈಗ ಲಿಸ್ಪ್ ಬಗ್ಗೆ ಎರಡು ಮಾತು. ಅಮೆರಿಕದ ಎಂಐಟಿಯಲ್ಲಿ ಜಾನ್ ಮೆಕಾರ್ಥಿ ಎಂಬವರು 1958ರಲ್ಲಿ ರೂಪಿಸಿದ ಭಾಷೆ. ಅವರು ಕಾಗದದ ಮೇಲೆ ಒಂದು ಗಣಿತದ ಹಾಗೆ ಬರೆದದ್ದನ್ನು ಯಂತ್ರಕ್ಕೆ ಇಳಿಸಬಹುದು ಎಂದು ಕಂಡು ಇಳಿಸಿದವರು ಸ್ಟೀವ್ ರಸೆಲ್ ಎಂಬ ಇನ್ನೊಬ್ಬರು. ಈ ಭಾಷೆಯಲ್ಲಿ ಎಲ್ಲವೂ ಆವರಣದೊಳಗಿನ ಪಟ್ಟಿ. ಅಂಗಡಿ ಸಾಮಾನಿನ ಪಟ್ಟಿಯೂ ಪಟ್ಟಿಯೇ, ಮಾಡಬೇಕಾದ ಕೆಲಸವೂ ಪಟ್ಟಿಯೇ. ಹಾಗಾಗಿ ಒಂದು ಪ್ರೋಗ್ರಾಮ್ ಇನ್ನೊಂದು ಪ್ರೋಗ್ರಾಮನ್ನು ಪಟ್ಟಿಯಂತೆ ಓದಬಹುದು, ತಿದ್ದಬಹುದು. ಕನ್ನಡದಲ್ಲಿ ನಾವು ಕ್ರಿಯಾಪದ ಕೊನೆಗೆ ಹೇಳುತ್ತೇವೆ, "ಎರಡಕ್ಕೆ ಮೂರು ಕೂಡಿಸು". ಲಿಸ್ಪ್ ಅದನ್ನು ಮೊದಲಿಗೆ ಹೇಳುತ್ತದೆ, (ಕೂಡಿಸು 2 3). ಪರಿಷೆಯಲ್ಲಿ ಮೈಕಿನವರು "ಬನ್ನಿ!" ಎಂದು ಮೊದಲು ಕೂಗಿ ಮತ್ತೆ ಯಾರು ಎಲ್ಲಿಗೆ ಎಂದು ಹೇಳುತ್ತಾರಲ್ಲ, ಹಾಗೆ. ಒಂದು ವಾರದಲ್ಲಿ ಅಭ್ಯಾಸ ಆಗುತ್ತದೆ.

ಆಪರೇಟಿಂಗ್ ಸಿಸ್ಟಮ್ ಅಂದರೆ ಏನು ಎಂದು ಮಕ್ಕಳಿಗೆ ಪುಸ್ತಕದಲ್ಲಿ ವ್ಯಾಖ್ಯೆ ಉಂಟು. ನಮ್ಮ ಕಡೆಯ ಜಂಬ್ರದ ಮನೆಯಲ್ಲಿ ಸುಧಾರಿಕೆಯ ಯಜಮಾನ ಒಬ್ಬ ಇರುತ್ತಾನೆ. ಉಗ್ರಾಣದ ಬೀಗದ ಕೈ ಅವನಲ್ಲಿ. ಯಾವ ಪಂಕ್ತಿ ಯಾವಾಗ, ಯಾರಿಗೆ ಯಾವ ಚರಿಗೆ, ಒಲೆ ಯಾರಿಗೆ, ಎಲ್ಲ ಅವನೇ ಹೇಳುವುದು. ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಮಾಡುವುದು ಇದನ್ನೇ. ಪ್ರತಿ ಪ್ರೋಗ್ರಾಮನ್ನೂ ಒಂದೊಂದು ಕೋಣೆಯಲ್ಲಿ ಕೂಡಿ ಹಾಕುತ್ತದೆ. ಯಾಕೆಂದರೆ ಅವುಗಳನ್ನು ಬರೆದ ಭಾಷೆಗಳಲ್ಲಿ, ಮುಖ್ಯವಾಗಿ ಸಿ ಭಾಷೆಯಲ್ಲಿ, ಯಾವ ಪ್ರೋಗ್ರಾಮ್ ಬೇಕಾದರೂ ಯಾವ ಮನೆಯ ನಂಬ್ರವನ್ನು ಬೇಕಾದರೂ ಊಹಿಸಿ ಕೈ ಹಾಕಬಹುದು. ಕಳ್ಳತನವೇ ಆಗಬೇಕೆಂದಿಲ್ಲ, ಎಡವಿದರೂ ಸಾಕು, ಪಕ್ಕದವರ ಅನ್ನದ ಪಾತ್ರೆ ಮಗುಚುತ್ತದೆ. ಅದಕ್ಕೆ ಗೋಡೆ, ಬೀಗ.

ಲಿಸ್ಪ್‌ನಲ್ಲಿ ನಂಬ್ರ ಊಹಿಸಲಿಕ್ಕೆ ಆಗುವುದಿಲ್ಲ. ಯಾರಾದರೂ ಕೈಯಲ್ಲಿ ಕೊಟ್ಟರೆ ಮಾತ್ರ ಒಂದು ವಸ್ತು ನಿಮ್ಮದು. ಹಾಗಾದರೆ ಗೋಡೆಗಳೇ ಬೇಡವಲ್ಲ, ಇಡೀ ಮನೆ ಒಂದೇ ಅಂಗಳ ಆಗಬಹುದಲ್ಲ ಎಂದು ಕೆಲವರಿಗೆ ತೋಚಿತು. 1970ರ ದಶಕದಲ್ಲಿ ಎಂಐಟಿಯಲ್ಲಿ ರಿಚರ್ಡ್ ಗ್ರೀನ್‌ಬ್ಲಾಟ್, ಟಾಮ್ ನೈಟ್ ಮತ್ತವರ ಜೊತೆಯವರು ಲಿಸ್ಪ್‌ಗಾಗಿಯೇ ಯಂತ್ರ ಕಟ್ಟಿದರು. ಅದರಿಂದ ಸಿಂಬಾಲಿಕ್ಸ್, ಲಿಸ್ಪ್ ಮಶೀನ್ಸ್ ಎಂಬ ಎರಡು ಕಂಪನಿಗಳು ಹುಟ್ಟಿದವು. ಈಗ ನಾವೆಲ್ಲ ಬಾಯಿಪಾಠ ಮಾಡಿದ ಡಾಟ್ ಕಾಮ್ ಉಂಟಲ್ಲ, ಲೋಕದಲ್ಲಿ ಮೊದಲು ನೋಂದಾವಣೆ ಆದ ಡಾಟ್ ಕಾಮ್ ಹೆಸರು ಈ ಸಿಂಬಾಲಿಕ್ಸ್‌ನದ್ದು, 1985ರ ಮಾರ್ಚ್ 15ರಂದು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕೂಡ ಎಕ್ಸ್‌ಪ್ಲೋರರ್ ಎಂಬ ಲಿಸ್ಪ್ ಯಂತ್ರ ಮಾಡಿತ್ತು. ಅದೇ ಕಂಪನಿ 1985ರಲ್ಲಿ ಬೆಂಗಳೂರಿನಲ್ಲಿ ಕಚೇರಿ ತೆರೆದದ್ದು, ಅಲ್ಲಿಂದ ಮುಂದೆ ನಮ್ಮ ಮಕ್ಕಳು ಬಸ್ಸು ಹತ್ತಿ ಹೋದ ದಾರಿ ನಿಮಗೆ ಗೊತ್ತುಂಟು.

ಸಿಂಬಾಲಿಕ್ಸ್‌ನ ಸಿಸ್ಟಮಿನ ಹೆಸರು ಜೆನೆರಾ. ಅದರಲ್ಲಿ ಕೆಲಸ ಮಾಡಿದವರು ಇಂದಿಗೂ ಅದನ್ನು ನೆನೆದು ನಿಟ್ಟುಸಿರು ಬಿಡುತ್ತಾರೆ, ನಮ್ಮಲ್ಲಿ ಹಿರಿಯರು ಹಳೆ ಮೇಳದ ಆಟ ನೆನೆದ ಹಾಗೆ. ಪರದೆಯಲ್ಲಿ ಏನೋ ತಪ್ಪಾಯಿತು ಅನ್ನಿ. ಅದು ಸಾಯುವುದಿಲ್ಲ. ನಿಲ್ಲುತ್ತದೆ, ತಪ್ಪು ಎಲ್ಲಿ ಎಂದು ತೋರಿಸುತ್ತದೆ, ನೀವು ಆ ಜಾಗದ ಮೂಲ ಬರೆಹವನ್ನು ತೆರೆದು ತಿದ್ದಿ "ಮುಂದುವರಿ" ಎಂದರೆ ನಿಂತಲ್ಲಿಂದ ಮುಂದೆ ಹೋಗುತ್ತದೆ. ಬರೀ ಪ್ರೋಗ್ರಾಮ್ ಮಾತ್ರ ಅಲ್ಲ, ಕಿಟಕಿ ಬರೆಯುವ ಭಾಗ, ಕಡತ ಇಡುವ ಭಾಗ, ನೆಟ್‌ವರ್ಕಿನ ಭಾಗ, ಎಲ್ಲವೂ ಹಾಗೆ. ಇದು ಆಟದ ಮಾತಲ್ಲ. 1999ರಲ್ಲಿ ನಾಸಾದ ಡೀಪ್ ಸ್ಪೇಸ್ 1 ನೌಕೆಯಲ್ಲಿ ಲಿಸ್ಪ್‌ನಲ್ಲಿ ಬರೆದ ಒಂದು ಪ್ರೋಗ್ರಾಮ್ ನಡುದಾರಿಯಲ್ಲಿ ಸಿಕ್ಕಿಬಿದ್ದಾಗ, ಕೋಟ್ಯಂತರ ಕಿಲೋಮೀಟರ್ ದೂರದ ಭೂಮಿಯಲ್ಲಿ ಕುಳಿತವರು ಓಡುತ್ತಿದ್ದ ಆ ಪ್ರೋಗ್ರಾಮಿನ ಒಳಗನ್ನೇ ನೋಡಿ ಕಾರಣ ಹುಡುಕಿದರು.

ಆದರೆ ಲಿಸ್ಪ್ ಯಂತ್ರಗಳ ಬೆಲೆ ಹತ್ತಾರು ಸಾವಿರ ಡಾಲರ್. ಇತ್ತ ಇಂಟೆಲ್‌ನ ಚಿಪ್ಪು ಹಾಕಿದ ಸಾಮಾನ್ಯ ಪಿಸಿ ವರ್ಷ ವರ್ಷ ಅಗ್ಗವಾಗಿ, ಚುರುಕಾಗಿ ಬಂತು. 1993ರಲ್ಲಿ ಸಿಂಬಾಲಿಕ್ಸ್ ದಿವಾಳಿಯಾಯಿತು. ನಾನು ಪುತ್ತೂರಿನಲ್ಲಿ ಆವರಣ ಎಣಿಸಲು ಕಲಿಯುವ ಹೊತ್ತಿಗೆ ಆ ಕಥೆ ಮುಗಿದಾಗಿತ್ತು.

ಮುಗಿದಿತ್ತು ಎಂದು ನಾನೂ ಎಣಿಸಿದ್ದೆ. ಬೆಂಗಳೂರಿಗೆ ಹೋಗಿ ಏಳೆಂಟು ವರ್ಷ ಆದ ಮೇಲೆ ಮೋವಿಟ್ಸ್ ಎಂಬುದು ನನ್ನ ಕಣ್ಣಿಗೆ ಬಿತ್ತು. ನಾರ್ವೆಯ ಟ್ರೊಮ್ಸೊ ವಿಶ್ವವಿದ್ಯಾನಿಲಯದ ಫ್ರೋಡೆ ಫ್ಯೆಲ್ಡ್ ಎಂಬವರು ಸಾಮಾನ್ಯ ಪಿಸಿಯಲ್ಲಿ, ಕೆಳಗೆ ವಿಂಡೋಸೂ ಇಲ್ಲದೆ ಲಿನಕ್ಸೂ ಇಲ್ಲದೆ, ನೇರ ಕಬ್ಬಿಣದ ಮೇಲೆ ಲಿಸ್ಪ್ ಓಡಿಸಿದ್ದರು. ಒಂದು ಫ್ಲಾಪಿಗೆ ಬರೆದು ಕಂಪ್ಯೂಟರಿಗೆ ಹಾಕಿದೆ. ಕಪ್ಪು ಪರದೆ, ಒಂದು ಸಾಲು, ಮಿಣುಕುವ ಗುರುತು. 2 ಮತ್ತು 3 ಕೂಡಿಸಲು ಹೇಳಿದೆ, 5 ಎಂದಿತು. ಹೆಂಡತಿ ಬಂದು ನೋಡಿ, "ಇದಕ್ಕೆ ರಾತ್ರಿ ಒಂದು ಗಂಟೆಯವರೆಗೆ ಎಚ್ಚರ ಇದ್ದದ್ದಾ?" ಅಂದಳು.

ಯಾಕೆ ಕಷ್ಟ ಎಂದು ಸ್ವಲ್ಪ ಹೇಳಬೇಕು. ಸ್ವಿಚ್ ಹಾಕಿದಾಗ ಪಿಸಿಗೆ ಗೊತ್ತಿರುವುದು ಇಷ್ಟೇ: ಡಿಸ್ಕಿನ ಮೊದಲ 512 ಬೈಟು ಓದು, ಅಲ್ಲಿ ಬರೆದದ್ದನ್ನು ಮಾಡು. ಆ 512 ಬೈಟಿನೊಳಗೆ ನಿಂತು ಉಳಿದದ್ದನ್ನು ಎಳೆದು ತರಬೇಕು. ಮತ್ತೆ ಸಿಂಬಾಲಿಕ್ಸ್‌ನ ಕೆಲವು ಲಿಸ್ಪ್ ಯಂತ್ರಗಳಲ್ಲಿ ಒಂದೊಂದು ಪದಕ್ಕೆ 36 ಬಿಟ್ ಇತ್ತು, ಅದರಲ್ಲಿ ಕೆಲವು ಬಿಟ್‌ಗಳು ಇದು ಸಂಖ್ಯೆಯೋ, ಪಟ್ಟಿಯೋ ಎಂಬ ಗುರುತಿಗೇ ಮೀಸಲು, ಯಂತ್ರವೇ ನೋಡಿಕೊಳ್ಳುತ್ತಿತ್ತು. ಪಿಸಿಯಲ್ಲಿ ಅಂಥ ಸೌಕರ್ಯ ಇಲ್ಲ. ಅದಕ್ಕೊಂದು ಉಪಾಯ ಉಂಟು. ಎಲ್ಲ ಮನೆಗಳಿಗೂ 8, 16, 24 ಹೀಗೆ ಎಂಟರ ಮಗ್ಗಿಯ ನಂಬ್ರವನ್ನೇ ಕೊಡುವುದು. ಆಗ ನಡುವಿನ ನಂಬ್ರಗಳು ಖಾಲಿ. 17 ಎಂದರೆ 16ನೇ ಮನೆ, ಅಲ್ಲಿರುವುದು ಪಟ್ಟಿ. 22 ಎಂದರೂ 16ನೇ ಮನೆಯೇ, ಆದರೆ ಅಲ್ಲಿರುವುದು ಅಕ್ಷರಗಳ ಸಾಲು. ವಿಳಾಸದಲ್ಲೇ ಜಾತಕ ಬರೆದ ಹಾಗೆ. ಇನ್ನು ಬೇಡದ ವಸ್ತುಗಳನ್ನು ಗುಡಿಸುವ ಕೆಲಸ. ಹಟ್ಟಿಯಲ್ಲಿ ಕೈಯಲ್ಲಿ ಹಿಡಿದ ಹಗ್ಗದಿಂದ ಸುರು ಮಾಡಿ, ಯಾವ ಹಗ್ಗಕ್ಕೆ ಯಾವ ದನ, ಅದರ ಹಿಂದೆ ಯಾವ ಕರು ಎಂದು ನೋಡುತ್ತಾ ಹೋಗುವುದು. ಯಾವ ಹಗ್ಗಕ್ಕೂ ಸಿಗದ್ದು ಯಾರಿಗೂ ಬೇಡದ್ದು, ಆ ಜಾಗ ಖಾಲಿ. ಇದನ್ನೂ ಮೆಕಾರ್ಥಿಯವರೇ ಲಿಸ್ಪ್‌ಗಾಗಿ ಹುಡುಕಿದ್ದು. ಈಗ ನಿಮ್ಮ ಕಿಸೆಯ ಮೊಬೈಲಿನಲ್ಲಿ ಕ್ಷಣಕ್ಷಣಕ್ಕೂ ನಡೆಯುತ್ತಾ ಇರುವುದು ಅದೇ ಗುಡಿಸುವಿಕೆ.

ಇದೆಲ್ಲ ಬುದ್ಧಿಯ ಕೆಲಸ, ಮಾಡಿದರೆ ಮುಗಿಯುತ್ತದೆ. ಮುಗಿಯದ ಕೆಲಸ ಡ್ರೈವರ್‌ಗಳದ್ದು. ಪ್ರತಿ ಕಂಪನಿಯ ಪ್ರತಿ ನೆಟ್‌ವರ್ಕ್ ಕಾರ್ಡಿಗೆ, ಡಿಸ್ಕಿಗೆ, ವೀಡಿಯೋ ಕಾರ್ಡಿಗೆ ಅದರದ್ದೇ ಮಾತು. ಕೆಲವರು ಆ ಮಾತಿನ ಪುಸ್ತಕ ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಲಿಸ್ಪ್ ನಿಧಾನ, ಅದಕ್ಕೇ ಇಂಥ ಸಿಸ್ಟಮ್ ಬರಲಿಲ್ಲ ಎಂದು ಹೇಳುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಕಾರ್ಡುಗಳ ಸಂಖ್ಯೆಯೇ ಇಂಥ ಪ್ರಯತ್ನಗಳನ್ನು ಸೋಲಿಸಿದ್ದು. ಮೋವಿಟ್ಸ್ ಕೂಡ ಹಾಗೇ ಒಂದು ಹಂತದಲ್ಲಿ ನಿಂತಿತು. ಅದರ ನಂತರ ಹೆನ್ರಿ ಹಾರ್ಡಿಂಗ್ ಎಂಬವರ ಮೆಜಾನೊ ಬಂತು, 64 ಬಿಟ್‌ನ ಪಿಸಿಗೆ. ಅದರಲ್ಲಿ ಕಿಟಕಿಗಳುಂಟು, ಬರೆಯುವ ಎಡಿಟರ್ ಉಂಟು, ನೆಟ್‌ವರ್ಕ್ ಉಂಟು, ಬಹುತೇಕ ಎಲ್ಲವೂ ಲಿಸ್ಪ್‌ನಲ್ಲೇ. ಆದರೆ ಅದನ್ನೂ ಜನ ಹೆಚ್ಚಾಗಿ ನೋಡುವುದು ಇನ್ನೊಂದು ಸಿಸ್ಟಮಿನೊಳಗೆ, ಕಂಪ್ಯೂಟರಿನಂತೆ ನಟಿಸುವ ಪ್ರೋಗ್ರಾಮಿನಲ್ಲಿ. ಅಲ್ಲಿ ಕಾರ್ಡುಗಳ ಕಾಟ ಇಲ್ಲವಲ್ಲ.

ಇಲ್ಲಿ ಒಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. ಇಂಥ ಸಿಸ್ಟಮ್ ಹೇಗಿರಬೇಕು, ಕಡತ ಎಂಬುದೇ ಬೇಡ, ಮೆಮೊರಿ ಬೇರೆ ಡಿಸ್ಕ್ ಬೇರೆ ಎಂಬುದೂ ಬೇಡ ಎಂದು ವಿವರವಾಗಿ ಬರೆದ ರಾಬರ್ಟ್ ಸ್ಟ್ರಾಂಡ್ ಎಂಬ ಪ್ರೊಫೆಸರರು ಇದ್ದದ್ದು ಫ್ರಾನ್ಸಿನ ಬೋರ್ಡೋ ವಿಶ್ವವಿದ್ಯಾನಿಲಯದಲ್ಲಿ. ಹೌದು, ನಮ್ಮ ಬೋರ್ಡೋದ್ದೇ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಆ ಊರಿನ ದ್ರಾಕ್ಷಿ ತೋಟದಿಂದ ಹೊರಟ ಮದ್ದನ್ನು 1910ರ ಆಸುಪಾಸಿನಲ್ಲಿ ಮೈಸೂರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಹೇಳಿಕೊಟ್ಟರು. ಆ ಊರಿನಿಂದ ಬಂದ ಎರಡು ವಸ್ತುಗಳನ್ನು ಉಪಯೋಗಿಸುವವನು ಕಡಬ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

2020ರಲ್ಲಿ ಲಾಕ್‌ಡೌನ್ ಆದಾಗ ಊರಿಗೆ ಬಂದೆ. ಅಪ್ಪನಿಗೆ ತೋಟಕ್ಕೆ ಇಳಿಯಲಿಕ್ಕೆ ಆಗುತ್ತಿರಲಿಲ್ಲ, ಹಾಗಾಗಿ ಮತ್ತೆ ಹೋಗಲಿಲ್ಲ. ಒಂದು ದಿನ ನಮ್ಮ ಶಾಲೆಯ ಹಿಂದಿನ ಕೋಣೆಯಲ್ಲಿ ಬೀಗದೊಳಗೆ ಎಂಟು ಕಂಪ್ಯೂಟರ್ ಉಂಟು, ಗುಜರಿಗೆ ಕೊಡುವುದಂತೆ ಎಂದು ಕೇಳಿದೆ. ಯಾವುದೋ ಯೋಜನೆಯಲ್ಲಿ ಬಂದವು. ಕಲಿಸಲಿಕ್ಕೆ ಬಂದವರ ಗುತ್ತಿಗೆ ಮುಗಿದು ಹೋದ ಮೇಲೆ ಬೀಗ ಬಿದ್ದದ್ದು. ಬೀಗ ಹಾಕಿದವರನ್ನು ನಾನು ದೂರುವುದಿಲ್ಲ, ಹಾಳಾದರೆ ಲೆಕ್ಕ ಕೊಡಬೇಕಾದವರು ಅವರು. ಆದರೆ ಆ ಬಾಗಿಲಿನ ಮೇಲೆ ಒಂದು ಕಾಗದ ಅಂಟಿಸಿತ್ತು: "ಮುಟ್ಟಬಾರದು." ಎಷ್ಟು ಬ್ಯಾಚಿನ ಮಕ್ಕಳು ಕಂಪ್ಯೂಟರಿನ ಬಗ್ಗೆ ಈ ಶಾಲೆಯಲ್ಲಿ ಕಲಿತ ಪಾಠ ಆ ಒಂದೇ ಶಬ್ದ. ನನಗೆ ಆ ಮೆಟ್ಟಿಲಿನ ಫೈಲು ನೆನಪಾಯಿತು. ಪುತ್ತೂರಿನ ಆ ಆಫೀಸಿನಲ್ಲಿ ಅದನ್ನು ಮುಟ್ಟಬೇಡ ಎಂದು ಯಾರಾದರೂ ಹೇಳಿದ್ದರೆ ನಾನು ಇವತ್ತಿಗೂ ಗೆರೆ ಎಳೆಯುತ್ತಾ ಇರುತ್ತಿದ್ದೆ.

ಮುಖ್ಯೋಪಾಧ್ಯಾಯಿನಿಯವರು ಮತ್ತು ಎಸ್‌ಡಿಎಂಸಿಯವರು ಒಪ್ಪಿದರು. ಎಂಟರಲ್ಲಿ ಮೂರನ್ನು ಇಲಿ ತಿಂದಿತ್ತು, ಐದು ಉಳಿದವು. ಅವುಗಳಲ್ಲಿ ವಿಂಡೋಸ್ ಹೊಸದು ಹಾಕುವ ಹಾಗಿಲ್ಲ, ಹಳೆಯದಕ್ಕೆ ಬೆಲೆ ಇಲ್ಲ. ಲಿನಕ್ಸ್ ಹಾಕಬಹುದಿತ್ತು. ಎರಡಕ್ಕೆ ಹಾಕಿದ್ದೇವೆ, ಮಕ್ಕಳು ಬರೆಯಲು, ಚಿತ್ರ ಬಿಡಿಸಲು ಅದನ್ನೇ ಬಳಸುತ್ತಾರೆ, ಅದರ ಮೇಲೆ ನನಗೆ ಕೋಪವೇನೂ ಇಲ್ಲ. ಆದರೆ ಅದರ ಮೂಲ ಬರೆಹ ಕೋಟಿಗಟ್ಟಲೆ ಸಾಲು. ತೆರೆದಿದ್ದರೂ ಹತ್ತನೇ ಕ್ಲಾಸಿನ ಮಗು ಬುಡ ಮುಟ್ಟಲಾರದು. ಉಳಿದ ಮೂರಕ್ಕೆ ನಾನು ಮೋವಿಟ್ಸ್ ನೋಡಿ ಕಲಿತು ಬೆಂಗಳೂರಿನಲ್ಲಿ ಬಿಡುವಿನಲ್ಲಿ ಬರೆದಿಟ್ಟಿದ್ದ ಚಿಕ್ಕ ಲಿಸ್ಪ್ ಹಾಕಿದೆ. ಒಟ್ಟು ಆರು ಸಾವಿರ ಸಾಲು. ಎಲ್ಲವನ್ನೂ ಅಚ್ಚು ಹಾಕಿಸಿ ಮೂರು ಬೈಂಡ್ ಮಾಡಿ ಕೋಣೆಯಲ್ಲಿ ಇಟ್ಟಿದ್ದೇವೆ. ಇಡೀ ಕಂಪ್ಯೂಟರ್ ಅಷ್ಟೇ.

ಮಕ್ಕಳಿಗೆ ಮೊದಲು ತೋರಿಸಿದ್ದು ಕೀಲಿಮಣೆ. ಎ ಕೀಲಿ ಒತ್ತಿದರೆ 30 ಎಂಬ ಸಂಖ್ಯೆ ಬರುತ್ತದೆ, ಬಿಟ್ಟರೆ 158. ಎಸ್ ಒತ್ತಿದರೆ 31, ಬಿಟ್ಟರೆ 159. ವ್ಯತ್ಯಾಸ ಯಾವಾಗಲೂ 128 ಎಂದು ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ನಾನು ಹೇಳುವ ಮೊದಲೇ ಕಂಡುಹಿಡಿದ. ಮತ್ತೆ ಅವನೇ, "ಸರ್, ಹಾಗಾದ್ರೆ ಎ ಒತ್ತಿದ್ರೆ ಅ ಬರುವ ಹಾಗೆ ನಾವೇ ಮಾಡ್ಬಹುದಲ್ಲ?" ಅಂದ.

ಅಲ್ಲಿಂದ ಒಂದು ವರ್ಷ ಹೋಯಿತು. ಕನ್ನಡ ಕೀಲಿಮಣೆಯ ವಿನ್ಯಾಸ ನಮ್ಮ ಜಿಲ್ಲೆಯ ಕಿನ್ನಿಕಂಬಳದ ಕೆ.ಪಿ. ರಾಯರದ್ದು, ಸರಕಾರ ಒಪ್ಪಿದ್ದೂ ಅದನ್ನೇ. ಅದರಲ್ಲಿ ಎಫ್ ಕೀಲಿ ಒತ್ತಕ್ಷರಕ್ಕೆ. ಅವರು ತಮ್ಮ ಕನ್ನಡ ತಂತ್ರಾಂಶಕ್ಕೆ ಇಟ್ಟ ಹೆಸರು ಸೇಡಿಯಾಪು. ನಮ್ಮ ಪುತ್ತೂರು ಕಡೆಯ ಹಿರಿಯ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರು ಅದು. ಕೀಲಿ ಸುಲಭವಾಯಿತು. ಅಕ್ಷರ ಎಲ್ಲಿಂದ ತರುವುದು? ಕೆಳಗೆ ಬೇರೆ ಸಿಸ್ಟಮ್ ಇಲ್ಲದ ಮೇಲೆ ಫಾಂಟೂ ಇಲ್ಲ. ಪಿಸಿಯ ಹೊಟ್ಟೆಯಲ್ಲಿ ಇಂಗ್ಲಿಷ್ ಅಕ್ಷರ ಹುಟ್ಟುವಾಗಲೇ ಇರುತ್ತದೆ, ಕನ್ನಡದ್ದು ಇಲ್ಲ. ಹಾಗಾಗಿ ಮಕ್ಕಳು ಗ್ರಾಫ್ ಪುಸ್ತಕ ತಂದರು. 24 ಸಾಲು, 24 ಕಂಬದ ಚೌಕ. ತುಂಬಿದ ಮನೆಗೆ 1, ಖಾಲಿ ಮನೆಗೆ 0. ಅ ಬರೆದ ಹುಡುಗಿ ಬೇರೆ, ಕ ಬರೆದ ಹುಡುಗ ಬೇರೆ. ಮೊದಮೊದಲು ಒಂದು ಅಕ್ಷರ ದಪ್ಪ, ಒಂದು ಸಪೂರ, ಒಂದೇ ಸಾಲಿನಲ್ಲಿ ಮದುವೆ ದಿಬ್ಬಣದ ಹಾಗೆ ಕಾಣುತ್ತಿತ್ತು. ಡ್ರಾಯಿಂಗ್ ಟೀಚರು ಬಂದು ಎಲ್ಲರನ್ನೂ ಕೂರಿಸಿ ಸರಿ ಮಾಡಿಸಿದರು. ಒತ್ತಕ್ಷರ ಬಂದಾಗ ಕಷ್ಟ ಸುರುವಾಯಿತು. ಮ್ಮ ಆದರೆ ಕೆಳಗೆ ಒಂದು ಒತ್ತು ಕೂರಿಸಿದರಾಯಿತು. ಕ್ಷ ಬೇರೆಯೇ ಒಂದು ಅಕ್ಷರ. ಅರ್ಕಾವತ್ತು ಹೇಳುವಾಗ ಮೊದಲು, ಬರೆಯುವಾಗ ಕೊನೆಗೆ. "ಸೂರ್ಯ" ಎಂದು ಬರೆಯಲಿಕ್ಕೆ ನಮಗೆ ಮೂರು ಶನಿವಾರ ಹಿಡಿಯಿತು. ಕನ್ನಡ ಟೀಚರು ಹೇಳಿದರು, ಸಜಾತೀಯ ವಿಜಾತೀಯ ಒತ್ತಕ್ಷರವನ್ನು ಈ ಬ್ಯಾಚಿನ ಮಕ್ಕಳಿಗೆ ತಾನು ಹೇಳಿಕೊಡಬೇಕಾಗಿ ಬರಲಿಲ್ಲ ಎಂದು.

ಒಂದು ಶನಿವಾರ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಸರ್, ಇದ್ರಲ್ಲಿ ಯೂಟ್ಯೂಬ್ ಬರ್ತದಾ?"

"ಇಲ್ಲ."

"ನೆಟ್ ಬರ್ತದಾ?"

"ಈಗ ಇಲ್ಲ."

"ಮತ್ತೆ ಇದನ್ನು ಹೊರಗೆ ಯಾರು ಉಪಯೋಗಿಸ್ತಾರೆ?"

"ಯಾರೂ ಉಪಯೋಗಿಸುವುದಿಲ್ಲ" ಎಂದೆ. ಸುಳ್ಳು ಹೇಳಿ ಪ್ರಯೋಜನ ಇಲ್ಲ. ಇದು ಕಲಿತರೆ ಕೆಲಸ ಸಿಗುತ್ತದೆ ಎಂದೂ ನಾನು ಹೇಳಲಾರೆ; ಕಂಪನಿಗಳಲ್ಲಿ ಕೇಳುವುದು ಬೇರೆ ಭಾಷೆಗಳನ್ನು. ಅವಳು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಳು. ಎದ್ದು ಹೋಗುತ್ತಾಳೆ ಎಂದೇ ನಾನು ಎಣಿಸಿದ್ದು. ಅಷ್ಟರಲ್ಲಿ ಪಕ್ಕದ ಹುಡುಗ ಅಕ್ಷರ ಬರೆಯುವ ಕೆಲಸವನ್ನೇ ಓಡುತ್ತಾ ಇರುವಾಗ ತಿದ್ದಲಿಕ್ಕೆ ಹೋಗಿ ಒಂದು ಆವರಣ ಹೆಚ್ಚು ಕಡಿಮೆ ಮಾಡಿದ. ಪರದೆಯಲ್ಲಿ ಕನ್ನಡದಲ್ಲೇ ಬಂತು, ಅದನ್ನೂ ಮಕ್ಕಳೇ ಬರೆದಿಟ್ಟದ್ದು: "ಇದು ಪಟ್ಟಿ ಅಲ್ಲ, ಸಂಖ್ಯೆ. 1 ತಿದ್ದು. 2 ಬಿಟ್ಟು ಮುಂದೆ ಹೋಗು. 3 ಹಳೆಯದನ್ನೇ ಇಟ್ಟುಕೊ." ಅವನು ಹೆದರಿ ಕೈ ತೆಗೆದ. ಸ್ವಿಚ್ ಆಫ್ ಮಾಡಲಿಕ್ಕೆ ಹೊರಟಿದ್ದ. ಇವಳು "ನಿಲ್ಲು ಮಾರಾಯ" ಎಂದು ಅವನ ಕೈ ಹಿಡಿದು, 1 ಒತ್ತಿ, ಬೈಂಡ್ ತೆರೆದು, ಬೆರಳಿಟ್ಟು ಆವರಣ ಎಣಿಸಿದಳು. ನಾನು ಬಾಯಿ ತೆರೆಯಲಿಲ್ಲ. ಎಂಟು ನಿಮಿಷ ಆಗಿರಬಹುದು. ತಿದ್ದಿ ಮುಂದುವರಿ ಎಂದಳು, ಅರ್ಧಕ್ಕೆ ನಿಂತಿದ್ದ ಅಕ್ಷರ ಪೂರ್ತಿಯಾಯಿತು. ಆ ಹುಡುಗಿ ಈಗ ಪುತ್ತೂರಿನಲ್ಲಿ ಪಿಯುಸಿ ಓದುತ್ತಾ ಇದ್ದಾಳೆ, ಇವತ್ತು ಬಂದಿದ್ದಾಳೆ, ಹೆಸರು ಹೇಳಿದರೆ ನನ್ನನ್ನು ಬಿಡಲಿಕ್ಕಿಲ್ಲ.

ನಮ್ಮ ಸಿಸ್ಟಮಿನ ಕೊರತೆಗಳನ್ನೂ ಹೇಳಿಬಿಡುತ್ತೇನೆ, ನಾಳೆ ಯಾರಾದರೂ ಬಂದು ನೋಡಿ ಬೇಸರ ಮಾಡಿಕೊಳ್ಳಬಾರದು. ಗುಡಿಸುವ ಕೆಲಸ ನಡೆಯುವಾಗ ಪರದೆ ಒಂದು ಸೆಕೆಂಡು ನಿಲ್ಲುತ್ತದೆ. ಲಿಸ್ಪ್‌ಗೂ ಕೆಳಗೆ ಯಂತ್ರದ ಮಾತಿನಲ್ಲಿ ನಾನೇ ಬರೆದ ಕೆಲವು ನೂರು ಸಾಲು ಉಂಟು, ಅಲ್ಲಿ ತಪ್ಪಿದರೆ ಯಾವ ಆವರಣವೂ ಕಾಪಾಡುವುದಿಲ್ಲ, ಇಡೀ ಯಂತ್ರ ಕಲ್ಲಿನ ಹಾಗೆ ಕೂರುತ್ತದೆ. ಕರೆಂಟ್ ಹೋದರೆ ಕೊನೆಯ ಸಲ ಡಿಸ್ಕಿಗೆ ಇಳಿಸಿದ ಮೇಲೆ ಮಾಡಿದ್ದೆಲ್ಲ ಹೋಯಿತು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ನೆಟ್‌ವರ್ಕ್ ಇನ್ನೂ ಇಲ್ಲ. ಮೂರು ಯಂತ್ರಗಳಲ್ಲಿ ಮೂರು ತರದ ಕಾರ್ಡ್. ಒಂದರ ಪುಸ್ತಕ ಸಿಕ್ಕಿದೆ, ಈಗಿನ ಒಂಬತ್ತನೇ ಕ್ಲಾಸಿನವರು ಅದನ್ನು ಓದುತ್ತಾ ಇದ್ದಾರೆ. ಮೂರು ಯಂತ್ರಗಳು ಒಂದರೊಡನೆ ಒಂದು ಮಾತಾಡಿದರೆ ಸಾಕು, ಯೂಟ್ಯೂಬ್ ನಮಗೆ ಬೇಡ.

ನಮ್ಮ ಗಣಿತದ ಮಾಸ್ಟ್ರು ಈ ದಿನ ಬರಲಿಕ್ಕೆ ಆಗಲಿಲ್ಲ, ಪ್ರಾಯ ಆಯಿತು. ಕಳೆದ ತಿಂಗಳು ಅವರ ಮನೆಗೆ ಆ ಮೂರು ಬೈಂಡಿನಲ್ಲಿ ಒಂದನ್ನು ತೆಗೆದುಕೊಂಡು ಹೋಗಿದ್ದೆ. ಕನ್ನಡಕ ಹಾಕಿ ಎರಡು ಪುಟ ತಿರುಗಿಸಿದರು. ಏನು ಇದು ಎಂದು ಕೇಳಲಿಲ್ಲ. ಪೆನ್ಸಿಲ್ ತರಿಸಿ ಒಂದು ಸಾಲಿನ ಕೊನೆಯಲ್ಲಿ ಗುರುತು ಹಾಕಿ, "ಇಲ್ಲಿ ಒಂದು ಮುಚ್ಚಿಲ್ಲ" ಅಂದರು. ಮನೆಗೆ ಬಂದು ನೋಡಿದೆ. ಅಚ್ಚು ಹಾಕುವಾಗ ಅಂಚಿನಲ್ಲಿ ಕತ್ತರಿಸಿ ಹೋದದ್ದು.

ಹಳೆ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಮನೆಯ ಅಟ್ಟದಲ್ಲಿ ಹಳೆ ಡೆಸ್ಕ್‌ಟಾಪ್, ಅದರಲ್ಲೂ ಗುಂಡಗಿನ ಪಿನ್ನಿನ ಕೀಲಿಮಣೆ ಇದ್ದರೆ ಗುಜರಿಗೆ ಕೊಡಬೇಡಿ, ಶಾಲೆಗೆ ಕೊಡಿ. ನೆಟ್‌ವರ್ಕ್ ಕಾರ್ಡಿನ ಕೆಲಸ ಗೊತ್ತಿದ್ದವರು ಇಲ್ಲಿ ಯಾರಾದರೂ ಇದ್ದರೆ ಶನಿವಾರ ಬೆಳಗ್ಗಿನ ತರಗತಿ ಮುಗಿದ ಮೇಲೆ ಬನ್ನಿ. ಕೋಣೆಯ ಬೀಗದ ಕೈ ಆಫೀಸಿನಲ್ಲಿ ಉಂಟು, ಕೇಳಿದರೆ ಕೊಡುತ್ತಾರೆ. ಜೂನ್ ಮೊದಲ ವಾರ ಮಾತ್ರ ಬರಬೇಡಿ, ಮದ್ದು ಬಿಡುವವರು ಸಿಗುವುದು ಆಗ ಮಾತ್ರ, ನಾನು ತೋಟದಲ್ಲಿ ಇರುತ್ತೇನೆ.